ಎಂಟನೆಯ ಡಬ್ಬಿ

2041ರ ಸೆಪ್ಟೆಂಬರ್ 8, ಭಾನುವಾರ, ಸಂಜೆ ಐದು ಗಂಟೆ ನಲವತ್ತು ನಿಮಿಷ. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣ, ಆಗ ನಾನು ಕುಕ್ಕರಿನ ಸೀಟಿ ಎಣಿಸುತ್ತ ಗೋಡೆಯ ಗಡಿಯಾರ ನೋಡುತ್ತಿದ್ದೆ.

ಅಡುಗೆಮನೆಯ ಪರಸಿಕಲ್ಲಿನ ಚಪ್ಪಡಿ ಹಾಸಿದ ನೆಲದ ಮೇಲೆ ನನ್ನ ಮಗಳು ಶೈಲು ಜೋಳ ಹರವಿಕೊಂಡು ಕುಳಿತಿದ್ದಳು. ಅವಳಿಗೆ ಹತ್ತು ವರ್ಷ, ಐದನೆಯ ತರಗತಿ. ಶಾಲೆಯಲ್ಲಿ ರಟ್ಟಿನಿಂದ ಎರಡು ಡಬ್ಬಿ ಮಾಡಲು ಹೇಳಿದ್ದರು. ಒಂದರ ಎಲ್ಲ ಬದಿಗಳೂ ಐದು ಸೆಂಟಿಮೀಟರ್, ಇನ್ನೊಂದರದು ಹತ್ತು. ಸಣ್ಣದರಿಂದ ಜೋಳ ಅಳೆದು ದೊಡ್ಡದಕ್ಕೆ ಸುರಿಯಬೇಕು. ಎಷ್ಟು ಸಲಕ್ಕೆ ತುಂಬಿತೆಂದು ಬರೆಯಬೇಕು.

"ಅವ್ವಾ, ಏಳು ಡಬ್ಬಿ ಪೂರಾ ಹೋದ್ವು. ಎಂಟನೇದ್ರಾಗ ಒಂದಿಷ್ಟು ಉಳೀತು."

"ಎಂಟು ಅಂತ ಬರಿ."

"ಎಂಟು ಆಗಿಲ್ಲಲ್ಲ?"

"ರಟ್ಟು ಸೊಟ್ಟ ಕತ್ತರಿಸಿರ್ತಿ. ಎಂಟೇ ಬರಬೇಕು, ಎಂಟು ಬರಿ."

"ಟೀಚರೂ ಹಂಗೇ ಅಂದ್ರು," ಎಂದು ಶೈಲು ಮುಖ ಊದಿಸಿದಳು. "ನಿನ್ನೆ ಕ್ಲಾಸಿನ್ಯಾಗ ಎಲ್ಲಾರ್ದೂ ಉಳೀತು. ಮೂವತ್ತಾರು ಮಂದಿದೂ ಉಳೀತು. ನಿಮ್ಮೆಲ್ಲಾರ ಕೈ ಸೊಟ್ಟ ಅವ, ಮನ್ಯಾಗ ಮತ್ತ ಮಾಡಿ ಎಂಟು ಬರಕೊಂಡು ಬರ್ರಿ ಅಂದ್ರು."

ಮೂರನೆಯ ಸೀಟಿ ಹೊಡೆಯಿತು. ನಾನು ಒಲೆ ಆರಿಸಿದೆ. ಆದರೆ ಕೈ ಅಲ್ಲೇ ಗುಂಡಿಯ ಮೇಲೆ ನಿಂತಿತು. ಹದಿನೈದು ವರ್ಷದಿಂದ ಅಳತೆಯ ಕೆಲಸ ಮಾಡುತ್ತಿರುವವಳು ನಾನು. ಮೂವತ್ತಾರು ಮಕ್ಕಳ ಕೈ ಸೊಟ್ಟಗಿರಬಹುದು. ಆದರೆ ಎಲ್ಲವೂ ಒಂದೇ ಕಡೆಗೆ ಸೊಟ್ಟಗಿರಲಾರವು. ಕೆಲವರಿಗೆ ಜೋಳ ಉಳಿಯಬೇಕು, ಕೆಲವರಿಗೆ ಸಾಲದೆ ಬರಬೇಕು. ತಪ್ಪಿನ ಸ್ವಭಾವವೇ ಅದು.

ಉಕ್ಕಿನ ಅಳತೆಪಟ್ಟಿ ತಂದು ಮಗಳ ಎದುರು ಕುಳಿತೆ. ಸಣ್ಣ ಡಬ್ಬಿ: ಐದು, ಐದು, ಐದು. ದೊಡ್ಡದು: ಹತ್ತು, ಹತ್ತು, ಹತ್ತು. ಮೂಲೆಗಳು ನೆಟ್ಟಗಿದ್ದವು. ಹುಡುಗಿ ರಟ್ಟನ್ನು ನನಗಿಂತ ಚೆನ್ನಾಗಿ ಕತ್ತರಿಸಿದ್ದಳು. ಜೋಳವನ್ನು ನಾನೇ ಅಳೆದು ಸುರಿದೆ. ಏಳು ಪೂರ್ತಿ ಹೋದವು. ಎಂಟನೆಯದರಲ್ಲಿ ಕಾಲುಭಾಗಕ್ಕಿಂತ ತುಸು ಹೆಚ್ಚು ಉಳಿಯಿತು.

"ನೋಡಿದಿ?" ಎಂದಳು ಶೈಲು, ಗೆದ್ದವಳ ಹಾಗೆ.

ಜೋಳದ ಕಾಳುಗಳ ನಡುವೆ ಸಂದು ಇರುತ್ತದೆ, ಹೆಚ್ಚುಕಡಿಮೆ ಆಗಬಹುದು ಎಂದುಕೊಂಡು ಇನ್ನೊಂದು ರೀತಿ ನೋಡೋಣವೆಂದೆ. ಇಬ್ಬರೂ ಸೇರಿ ಇನ್ನೂ ಏಳು ಸಣ್ಣ ಡಬ್ಬಿಗಳನ್ನು ಅಂಟಿಸಿದೆವು. ಒಟ್ಟು ಎಂಟನ್ನು ದೊಡ್ಡ ಡಬ್ಬಿಯೊಳಗೆ ಜೋಡಿಸಬೇಕು. ಕೆಳಗೆ ನಾಲ್ಕು, ಮೇಲೆ ನಾಲ್ಕು.

ಕೆಳಗಿನ ನಾಲ್ಕು ಸರಿಯಾಗಿ ಕುಳಿತವು. ಮೇಲಿನ ಸಾಲಿನಲ್ಲಿ ಮೂರು ತುಸು ತಿಣುಕಿ ಕುಳಿತವು. ನಾಲ್ಕನೆಯದು ಹೋಗಲಿಲ್ಲ.

ಅದರ ಜಾಗ ಕಾಣುತ್ತಿತ್ತು. ಚೌಕಾಕಾರದ ಬಾಯಿ, ಅಳತೆಪಟ್ಟಿ ಇಟ್ಟರೆ ಐದಕ್ಕೆ ಐದು. ಒಳಗೆ ಇಳಿಬಿಟ್ಟರೆ ಆಳವೂ ಐದು. ಡಬ್ಬಿಯೂ ಐದೇ. ಆದರೂ ಅದು ಅರ್ಧ ಇಳಿದು ನಿಂತುಬಿಡುತ್ತಿತ್ತು. ಜೋರಾಗಿ ಒತ್ತಿದಾಗ ಉಳಿದ ಏಳೂ ಡಬ್ಬಿಗಳು ಒಟ್ಟಿಗೇ ಸೊಟ್ಟಗಾದವು. ದೊಡ್ಡ ಡಬ್ಬಿಯ ಗೋಡೆ ಮಾತ್ರ ಉಬ್ಬಲಿಲ್ಲ.

ಶೈಲು ನಗುವುದನ್ನು ನಿಲ್ಲಿಸಿದ್ದಳು. "ಅವ್ವಾ, ಜಾಗ ಅದ, ಆದ್ರ ಹಿಡಿಯವಲ್ದು ಯಾಕ?"

ನಾನು ಎಂಟನೆಯ ಡಬ್ಬಿಯನ್ನು ಹೊರತೆಗೆದು ಮತ್ತೊಮ್ಮೆ ಅಳೆದೆ. 

ಅಷ್ಟರಲ್ಲಿ ನನ್ನ ಗಂಡ ಭೀಮಾಶಂಕರ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದರು. ಆರಡಿ ಎರಡಿಂಚಿನ ಆಳು. ನಾನು ಐದಡಿಗೆ ಒಂದಿಂಚು ಕಡಿಮೆ. ಓಣಿಯವರು ನಮ್ಮನ್ನು ಏಣಿ-ಮಣಿ ಜೋಡಿ ಎಂದೇ ಕರೆಯುವುದು. ಊರ ಹೊರಗೆ ಅವರದು ಪರಸಿಕಲ್ಲು ಕೊಯ್ಯುವ ಕಾರ್ಖಾನೆ. ಗೇಟಿನಿಂದ ಅಡುಗೆಮನೆಗೆ ಇಪ್ಪತ್ತು ಹೆಜ್ಜೆ ನಡೆದಿದ್ದಕ್ಕೇ ಚೌಕಟ್ಟು ಹಿಡಿದು ನಿಂತು ಏದುಸಿರು ಬಿಟ್ಟರು.

"ತಾಯಿ ಮಗಳು ಸೇರಿ ಜ್ವಾಳದಾಗ ಏನ್ ಆಟ ಆಡ್ಲಾಕತ್ತೀರಿ?"

"ಕೂಡ್ರಿ ಮೊದ್ಲು. ಡಾಕ್ಟರ್ ಏನಂದ್ರು?"

"ಕಲ್ಲಿನ ಧೂಳು ಅಂದ. ಮತ್ತ ಫೋಟೋ ತೆಗದು ನೋಡಿ, ಎದಿ ಸ್ವಚ್ಛ ಅದ, ಧೂಳೇ ಇಲ್ಲ ಅಂದ. ಅವನಿಗೇ ತಿಳೀವಲ್ದು. ದಮ್ಮು ಮಾತ್ರ ಹತ್ತತದ." ಅವರು ಗೋಡೆಗೊರಗಿ ನಕ್ಕರು. "ನಮ್ಮ ಓಣಿ ಪುತಳಪ್ಪನ ಎಮ್ಮಿಗೂ ಇದೇ ಬ್ಯಾನಿ ಅಂತ. ದೊಡ್ಡ ಎಮ್ಮಿ. ನಿಂತಲ್ಲೇ ತೇಕ್ತದ. ಅವನ ಆಡು ಮಾತ್ರ ಆರಾಮ ಜಿಗದಾಡ್ತಾವ."

ದೊಡ್ಡ ಎಮ್ಮೆ, ಸಣ್ಣ ಆಡು. ನಾನು ರಟ್ಟಿನ ಡಬ್ಬಿಗಳನ್ನು ನೋಡಿದೆ. ಆಮೇಲೆ ಅವರನ್ನು ನೋಡಿದೆ.

"ರೀ, ನಿಮ್ಮ ಕಲ್ಲಿನ ಅಳತಿ ಎಲ್ಲಾ ಬರೋಬ್ಬರಿ ಬರ್ತಾವ?"

"ಬರ್ಲಿಕ್ಕೇನಾಗ್ಯದ? ಉದ್ದ ಎರಡು, ಅಗಲ ಎರಡು, ನಾಲ್ಕು ಚದರಡಿ. ನಮ್ಮ ಧಂದೆದಾಗ ದಪ್ಪ ಯಾವಾತ ಅಳೀತಾನ?"

ಇಡೀ ಊರು ಚದರಡಿಯಲ್ಲಿ ಬದುಕುವ ಊರು. ಉದ್ದಗಲ ಸರಿ ಇದ್ದರೆ ಎಲ್ಲ ಸರಿ. ಎರಡರ ಲೆಕ್ಕದಲ್ಲಿ ಏನೂ ಕೆಟ್ಟಿರಲಿಲ್ಲ. ಕೆಟ್ಟಿದ್ದು ಮೂರರ ಲೆಕ್ಕ.

ಧಾರವಾಡದಲ್ಲಿರುವ ನನ್ನ ಅಕ್ಕ ಶಕುಂತಲಾಗೆ ಫೋನು ಹಚ್ಚಿದೆ. ಮನೆಯಲ್ಲಿ ರಟ್ಟು ಇದ್ದರೆ ಹೀಗೊಂದು ಮಾಡಿ ನೋಡು ಎಂದೆ.

"ಹುಚ್ಚು ಹಿಡದದೇನ ನಿನಗ? ಸಂಡೇ ಸಂಜೀಕ ಡಬ್ಬಿ ಅಂಟಿಸ್ಲಿ?" ಎಂದು ಬೈದಳು. ಆದರೂ ನನ್ನ ದನಿಯಲ್ಲಿ ಏನು ಕೇಳಿಸಿತೋ, ಫೋನನ್ನು ಹಾಗೇ ಇಟ್ಟು ಕೆಲಸ ಮಾಡಿದಳು. ಕತ್ತರಿಯ ಸದ್ದು, ಅಕ್ಕಿ ಸುರಿಯುವ ಸದ್ದು ಕೇಳುತ್ತಿತ್ತು. ಒಂದು, ಎರಡು, ಮೂರು ಎಂದು ಎಣಿಸಿದಳು. ಏಳು ಎಂದಳು. ಆಮೇಲೆ ಅಕ್ಕಿಯನ್ನೆಲ್ಲ ಬರಿದುಮಾಡಿ ಮತ್ತೆ ಮೊದಲಿನಿಂದ ಎಣಿಸಿದಳು.

"ನೀಲಾ, ಇದು ಉಳೀತಲ್ಲ?" ಎಂದಳು ಕೊನೆಗೆ. "ಇದ್ರ ಅರ್ಥ ಏನವಾ?"

ಧಾರವಾಡ ನಮ್ಮೂರಿಂದ ಮುನ್ನೂರು ಕಿಲೋಮೀಟರಿಗೂ ದೂರ. ಬಿಟ್ಟು ಓಡಿಹೋಗಲು ಒಂದು ಜಾಗವೂ ಇಲ್ಲ ಎಂಬುದು ಆ ಕ್ಷಣ ತಿಳಿಯಿತು. 

*

ನಾನು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಹೇಳಬೇಕು.

ಊರಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ, ಕಲ್ಲು ಮುಗಿದು ಬಿಟ್ಟುಹೋದ ಗಣಿಯೊಂದರ ತಳದಿಂದ ನೂರ ಎಂಬತ್ತು ಮೀಟರ್ ಕೆಳಗೆ ನಮ್ಮ ಪ್ರಯೋಗಾಲಯದ ಯಂತ್ರವಿದೆ. ಊರವರು ಅದನ್ನು ಬಾವಿ ಮಷೀನು ಎನ್ನುತ್ತಾರೆ. ಉದ್ದ, ಅಗಲ, ಎತ್ತರ ಈ ಮೂರಲ್ಲದೆ ನಾಲ್ಕನೆಯ ದಿಕ್ಕೊಂದು ಅತಿ ಸಣ್ಣದಾಗಿ ಮಡಚಿಕೊಂಡು ಇರಬಹುದೇ ಎಂದು ಹುಡುಕುವುದು ಅದರ ಕೆಲಸ. ಅದು ಜಾಗವನ್ನೇ ತುಸು ಅಲುಗಿಸುತ್ತದೆ, ಆ ದಿಕ್ಕಿಗೆ ಎಲ್ಲಾದರೂ ಸೋರುತ್ತದೆಯೇ ಎಂದು ನೋಡುತ್ತದೆ. 2040ರ ಅಕ್ಟೋಬರ್ 8ರಂದು ಅದು ಶುರುವಾಯಿತು.

ಆಯಾಮವೆಂದರೆ ಒಂದು ಸಂಖ್ಯೆ. ಗೆರೆಯೊಂದನ್ನು ಇಮ್ಮಡಿ ಮಾಡಿದರೆ ಅದು ಎರಡು ಗೆರೆಯಷ್ಟಾಗುತ್ತದೆ. ಚೌಕದ ಬದಿಯನ್ನು ಇಮ್ಮಡಿ ಮಾಡಿದರೆ ನಾಲ್ಕು ಚೌಕ. ಘನದ ಬದಿಯನ್ನು ಇಮ್ಮಡಿ ಮಾಡಿದರೆ ಎಂಟು ಘನ. ಎರಡನ್ನು ಒಂದು ಸಲ, ಎರಡು ಸಲ, ಮೂರು ಸಲ ಗುಣಿಸಿದ ಹಾಗೆ. ಆ ಒಂದು, ಎರಡು, ಮೂರೇ ಗೆರೆಯ, ಚೌಕದ, ಘನದ ಆಯಾಮ. ಘನ ಎಂಟರ ಬದಲು ಏಳೂಮುಕ್ಕಾಲಕ್ಕೆ ತುಂಬಿದರೆ, ನಾವು ಬದುಕುತ್ತಿರುವ ಜಾಗದ ಆಯಾಮ ಮೂರಲ್ಲ, ಮೂರಕ್ಕಿಂತ ತುಸು ಕಡಿಮೆ.

ಇದನ್ನು ಅಳೆಯಲೆಂದೇ ನಮ್ಮ ನಿಯಂತ್ರಣ ಕೊಠಡಿಯಲ್ಲಿ ಘನಮಾಪಕ ಎಂಬ ಉಪಕರಣವಿದೆ. ಶೈಲುವಿನ ಡಬ್ಬಿಗಳ ಹಾಗೆಯೇ ಎರಡು ಉಕ್ಕಿನ ಪಾತ್ರೆಗಳು, ಒಂದರ ಬದಿ ಹತ್ತು ಸೆಂಟಿಮೀಟರ್, ಇನ್ನೊಂದರದು ಇಪ್ಪತ್ತು. ಸಣ್ಣದರಿಂದ ದೊಡ್ಡದಕ್ಕೆ ನೀರು ಹೋಗುತ್ತದೆ, ಪರದೆಯ ಮೇಲೆ ಆಯಾಮ ಬರುತ್ತದೆ. ಅದರ ಉಸ್ತುವಾರಿ ನನ್ನದು.

ನಿಯಮ ಪುಸ್ತಕದಲ್ಲಿ ಹೀಗಿತ್ತು: ಪ್ರತಿ ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಉಪಕರಣವನ್ನು ಮೊದಲು 3.0000ಕ್ಕೆ ತರತಕ್ಕದ್ದು, ಬಳಿಕ ವಾರದ ಅಳತೆಗಳನ್ನು ಆರಂಭಿಸತಕ್ಕದ್ದು. ದೊಡ್ಡ ಪಾತ್ರೆಯ ಪಕ್ಕದಲ್ಲಿ ಒಂದು ತಿರುಪು ಇದೆ. ಒಂದು ಸುತ್ತು ಬಿಚ್ಚಿದರೆ ಒಳಗಿನ ಬಿಲ್ಲೆ ಒಂದು ಮಿಲಿಮೀಟರ್ ಹಿಂದೆ ಸರಿದು ಪಾತ್ರೆ ನಾಲ್ಕು ಮಿಲಿಲೀಟರ್ ದೊಡ್ಡದಾಗುತ್ತದೆ. ಪ್ರತಿ ಸೋಮವಾರ ಪರದೆಯ ಮೇಲೆ ಸಂಖ್ಯೆ ಒಂದಿಷ್ಟು ಕಡಿಮೆ ಬರುತ್ತಿತ್ತು. ರಬ್ಬರು ಸವೆದಿರಬೇಕು, ಸೆಕೆಗೆ ಲೋಹ ಹಿಗ್ಗಿರಬೇಕು ಎಂದುಕೊಳ್ಳುತ್ತಿದ್ದೆ. ತಿರುಪನ್ನು ಒಂದೂವರೆ ಸುತ್ತು ತಿರುಗಿಸುತ್ತಿದ್ದೆ. 3.0000 ಬರುತ್ತಿತ್ತು. ಸಹಿ ಹಾಕುತ್ತಿದ್ದೆ. ಎಷ್ಟು ತಿರುಗಿಸಿದೆನೆಂದು ಬರೆಯಲು ಆ ಹಾಳೆಯಲ್ಲಿ ಕಾಲಮ್ಮೇ ಇರಲಿಲ್ಲ. ಬರೆಯಬೇಕೆಂದು ನನಗೂ ಅನಿಸಿರಲಿಲ್ಲ. ಜಾಗಕ್ಕೆ ಮೂರು ಆಯಾಮ ಎಂಬುದು ಯಾರಿಗೆ ಗೊತ್ತಿಲ್ಲ?

ಎಂಟು ಎಂದು ಬರಿ ಅಂತ ಮಗಳಿಗೆ ಹೇಳಿದೆನಲ್ಲ, ಅದನ್ನೇ ನಾನು ಹನ್ನೊಂದು ತಿಂಗಳು ಮಾಡಿದ್ದೆ.

*

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ನಾನು ತಿರುಪನ್ನು ಮುಟ್ಟಲಿಲ್ಲ. ನಿರ್ದೇಶಕರಾದ ಡಾ. ಪದ್ಮರಾಜ ಉಪಾಧ್ಯೆಯವರನ್ನು ಕೊಠಡಿಗೆ ಕರೆದೆ. ಬೆಳಗಾವಿ ಕಡೆಯವರು, ಅರವತ್ತರ ಹತ್ತಿರದವರು, ಹನ್ನೊಂದು ವರ್ಷ ಈ ಯಂತ್ರಕ್ಕಾಗಿಯೇ ತೇದವರು. ಅವರೂ ಒಂದು ಮಹಡಿ ಹತ್ತಿ ಬಂದು ಎದೆ ಒತ್ತಿಕೊಂಡು ನಿಂತರು.

ನಾನು ರಟ್ಟಿನ ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ಅವರು ಎಂಟನೆಯ ಡಬ್ಬಿಯನ್ನು ಎರಡು ಸಲ ಒತ್ತಿ ನೋಡಿದರು.

"ಇದು ರಟ್ಟು, ನೀಲಗಂಗಾ. ನನಗ ನಿಮ್ಮ ವರದಿ ಬೇಕು, ನಿಮ್ಮ ಮಗಳ ಹೋಂವರ್ಕ್ ಅಲ್ಲ." ಅವರು ದಾಖಲೆ ತೆರೆದರು. "ನೋಡ್ರಿ. ಮೂರು ಪಾಯಿಂಟ್ ಸೊನ್ನೆ. ಮೂರು ಪಾಯಿಂಟ್ ಸೊನ್ನೆ. ನಲವತ್ತೇಳು ವಾರ ಒಂದೇ ಸಂಖ್ಯೆ. ಕೆಳಗ ನಿಮ್ದೇ ಸಹಿ."

"ಆ ಸಂಖ್ಯೆ ತಂದಾಕಿ ನಾನು, ಸರ್. ಯಂತ್ರ ಅಲ್ಲ."

"ಅಂದ್ರ?"

"ತಿರುಪು ನೋಡ್ರಿ."

ಅವರು ಬಗ್ಗಿ ನೋಡಿದರು. ಕಾರ್ಖಾನೆಯಿಂದ ಬಂದಾಗ ತಿರುಪಿನ ತಲೆ ಪಾತ್ರೆಯ ಗೋಡೆಗೆ ಅಂಟಿಕೊಂಡಿತ್ತು. ಅಲ್ಲಿ ಕೆಂಪು ಬಣ್ಣದ ಗುರುತು ಹಾಕಿದ್ದರು. ಈಗ ತಲೆ ಗೋಡೆಯಿಂದ ಬೆರಳುದ್ದ ಹೊರಗೆ ಚಾಚಿತ್ತು. ನಾನದನ್ನು ವಾರವಾರವೂ ನೋಡಿದ್ದೆ. ಮನೆಯವರಿಗೆ ಮಗು ಬೆಳೆದದ್ದು ಕಾಣದ ಹಾಗೆ ನನಗೂ ಕಂಡಿರಲಿಲ್ಲ.

"ಸುತ್ತು ಎಣಸ್ರಿ, ಸರ್," ಎಂದು ತಿರುಪನ್ನು ಹಿಂದಕ್ಕೆ ತಿರುಗಿಸತೊಡಗಿದೆ.

ಅವರು ಮೊದಲು ಬೇಸರದಿಂದ ಎಣಿಸಿದರು. ಇಪ್ಪತ್ತಕ್ಕೆ ಬಂದಾಗ ಕನ್ನಡಕ ತೆಗೆದರು. ನಲವತ್ತಕ್ಕೆ ದನಿ ಸಣ್ಣದಾಯಿತು. ಅರವತ್ತಾದ ಮೇಲೆ ತುಟಿ ಮಾತ್ರ ಅಲುಗಾಡುತ್ತಿತ್ತು. ಕೆಂಪು ಗುರುತು ಕೂಡಿಕೊಂಡಾಗ ಎಪ್ಪತ್ತೂವರೆ ಆಗಿತ್ತು. ಕಳೆದ ಸೋಮವಾರದವರೆಗಿನ ಲೆಕ್ಕ ಅದು. ಈ ವಾರದ್ದನ್ನು ಇನ್ನೂ ಯಾರೂ ಅಳಿಸಿರಲಿಲ್ಲ.

ನೀರು ಹರಿಸಿದೆ. ಪರದೆಯ ಮೇಲೆ 2.9471 ಬಂತು.

 ಉಪಾಧ್ಯೆಯವರು ಕುರ್ಚಿಯಲ್ಲಿ ಕುಳಿತರು.

"ನಾವು ನಾಲ್ಕನೇದು ಹುಡುಕಾಕ ಹೋಗಿ..." ಎಂದರು. 

"ಬಂದ್ ಮಾಡ್ರಿ, ಸರ್."

"ಇನ್ನೊಂದು ಸೋಮವಾರ ನೋಡೋಣು. ಒಂದು ಅಳತಿ ಮ್ಯಾಲೆ ಹನ್ನೊಂದು ವರ್ಷದ ಕೆಲಸ ಹೆಂಗ ನಿಲ್ಲಸ್ಲಿ?"

"ಒಂದಲ್ಲ, ಸರ್. ನಲವತ್ತೆಂಟು ಅಳತಿ. ನಲವತ್ತೇಳನ್ನ ನನ್ನ ಕೈಯಾರೆ ಅಳಿಸೀನಿ. ಇದೊಂದು ಉಳದದ."

ಅವರು ನನ್ನನ್ನು ನೋಡಲಿಲ್ಲ. ದಾಖಲೆಯ ಪ್ರತಿ ಹಾಳೆಯ ಕೆಳಗೆ ನನ್ನ ಸಹಿಯ ಪಕ್ಕ ಅವರ ಸಹಿಯೂ ಇತ್ತು. ಅದನ್ನೇ ಬೆರಳಿನಿಂದ ಸವರುತ್ತಿದ್ದರು. ಆಮೇಲೆ ಕೊರಳಲ್ಲಿದ್ದ ಕೀಲಿ ತೆಗೆದರು. ಯಂತ್ರ ನಿಲ್ಲಿಸಲು ಎರಡು ಕೀಲಿ ಬೇಕು. ಇನ್ನೊಂದು ನನ್ನ ಬಳಿ ಇತ್ತು. ಹನ್ನೊಂದು ಗಂಟೆ ಐವತ್ತೆರಡು ನಿಮಿಷಕ್ಕೆ ಬಾವಿ ಮಷೀನು ನಿಂತಿತು.

ನಿಂತದ್ದು ಯಂತ್ರ ಮಾತ್ರ. ಮುಂದಿನ ಸೋಮವಾರದ ಅಳತೆ 2.9460.

ಸ್ವಿಚ್ಚು ಆರಿಸಿದ ಮೇಲೂ ಫ್ಯಾನು ತಿರುಗುತ್ತದಲ್ಲ, ಹಾಗೆ. ತಿರುಗುವುದು ಎಲ್ಲಿ ನಿಲ್ಲುತ್ತದೆಂಬುದೇ ಪ್ರಶ್ನೆ.

*

ಪುಪ್ಪುಸವೆಂದರೆ ಒಂದು ದೊಡ್ಡ ಚೀಲದೊಳಗೆ ಒತ್ತಾಗಿ ತುಂಬಿದ ಕೋಟ್ಯಂತರ ಸಣ್ಣ ಚೀಲಗಳು. ಆಯಾಮ ಇಳಿದಂತೆ ದೊಡ್ಡ ಚೀಲದಲ್ಲಿ ಸಣ್ಣವಕ್ಕೆ ಜಾಗ ಸಾಲುವುದಿಲ್ಲ. ಎಂಟನೆಯ ಡಬ್ಬಿ ಒತ್ತಿದಾಗ ಉಳಿದವು ಸೊಟ್ಟಗಾದ ಹಾಗೆ ಒಂದನ್ನೊಂದು ಅದುಮುತ್ತವೆ. ಚೀಲ ದೊಡ್ಡದಾದಷ್ಟೂ ಅದುಮುವುದು ಹೆಚ್ಚು. ಅದಕ್ಕೇ ಮೊದಲು ಎಮ್ಮೆ, ಆಮೇಲೆ ಎತ್ತರದ ಆಳು, ಕೊನೆಗೆ ಮಕ್ಕಳು.

ಆಸ್ಪತ್ರೆಯವರಿಂದ ಉಸಿರಿನ ಅಳತೆಗಳನ್ನು ಪಡೆದು ನಾನು ಲೆಕ್ಕ ಹಾಕಿದೆ. ಯಾವ ಆಯಾಮಕ್ಕೆ ಇಳಿದರೆ ಯಾರ ಉಸಿರು ಸಾಲದೆ ಹೋಗುತ್ತದೆ ಎಂಬ ಲೆಕ್ಕ. ಮೊದಲು ನನ್ನದು ಹಾಕಿದೆ: 2.9385. ಆಮೇಲೆ ಶೈಲುವಿನದು: 2.9350. ಮೂರನೆಯದನ್ನು ಹಾಕಿ ಕಾಗದ ಮಡಚಿ ಸೀರೆಯ ಸೆರಗಿಗೆ ಗಂಟು ಹಾಕಿಕೊಂಡೆ.

ಯಂತ್ರ ನಿಲ್ಲಿಸದೆ ಹಾಗೇ ಬಿಟ್ಟಿದ್ದರೆ ಹನ್ನೊಂದು ವಾರದಲ್ಲಿ ಮಗಳ ಮಿತಿ ದಾಟುತ್ತಿತ್ತು. ಅವಳಿಗಿಂತ ಮೂರು ವಾರ ಮೊದಲೇ ನಾನು ಹೋಗಿರುತ್ತಿದ್ದೆ. ಆ ಮೂರು ವಾರ ಅವಳು ಒಬ್ಬಳೇ ಏನು ಮಾಡುತ್ತಿದ್ದಳು ಎಂಬ ಯೋಚನೆ ಹಗಲು ಹೊತ್ತಿನಲ್ಲೇ, ಪಾತ್ರೆ ತಿಕ್ಕುವಾಗ, ಬಸ್ಸಿಗೆ ಕಾಯುವಾಗ ಬಂದುಬಿಡುತ್ತಿತ್ತು.

ಸುದ್ದಿ ಹೊರಬಿದ್ದ ಮೇಲೆ ಜಗತ್ತು ತನ್ನ ಹಳೆಯ ಗುಟ್ಟುಗಳಿಗೆಲ್ಲ ಉತ್ತರ ಕಂಡುಕೊಂಡಿತು. ಟ್ಯಾಂಕರಿನವ ನೀರು ಕದ್ದಿರಲಿಲ್ಲ. ಮದುವೆ ಮನೆಯಲ್ಲಿ ಹಂಡೆ ತುಂಬ ಬೇಯಿಸಿದ ಅನ್ನ ಸಾಲದೆ ಬಂದದ್ದಕ್ಕೆ ಅಡುಗೆಯವನನ್ನು ಬೈಯಬೇಕಿರಲಿಲ್ಲ. ಜನ ದೊಡ್ಡ ಪಾತ್ರೆಗಳನ್ನು ಬಿಟ್ಟರು. ಮಾಳಿಗೆಯ ಮೇಲೆ ಒಂದು ಟ್ಯಾಂಕಿನ ಬದಲು ಸಾಲುಸಾಲಾಗಿ ಕೊಡಗಳು ಬಂದವು. ಆಸ್ಪತ್ರೆಯಲ್ಲಿ ದೊಡ್ಡ ಆಕ್ಸಿಜನ್ ಸಿಲಿಂಡರ್ ಬೇಗ ಮುಗಿಯುತ್ತದೆಂದು ಸಣ್ಣವನ್ನೇ ತರಿಸಿದರು. ಮೃಗಾಲಯಗಳಲ್ಲಿ ಆನೆಗಳು ಸಾಯತೊಡಗಿದವು. ಸಮುದ್ರದ ದಂಡೆಗೆ ತಿಮಿಂಗಿಲಗಳು ಬಂದು ಬಿದ್ದವು. ಪುತಳಪ್ಪನ ಎಮ್ಮೆ ಸೆಪ್ಟೆಂಬರ್ ಕೊನೆಗೆ ಸತ್ತಿತು. ಅದನ್ನು ಎತ್ತಿ ಹಾಕಲು ಬಂದ ಆರು ಮಂದಿ ಗಟ್ಟಿಮುಟ್ಟು ಆಳುಗಳು ನಾಲ್ಕು ಸಲ ಕುಳಿತು ಕುಳಿತು ಎದ್ದರು.

ಅಕ್ಟೋಬರಿನ ಒಂದು ಮಧ್ಯಾಹ್ನ ಭೀಮಾಶಂಕರ ನನ್ನ ಸೆರಗನ್ನು ನೋಡುತ್ತ ಕೇಳಿದರು:

"ಗಂಟಿನ್ಯಾಗ ಏನದ? ತಿಂಗಳಾತು, ಬಿಚ್ಚವಲ್ಲಿ. ಸೀರಿ ಬದಲಾದ್ರೂ ಗಂಟು ಬದಲಾಗವಲ್ದು."

"ಏನಿಲ್ರೀ. ಆಫೀಸಿನ ಕಾಗದ."

"ನಂದು ಎಷ್ಟು?"

ನಾನು ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ.

"ನೀಲಾ, ಕಲ್ಲು ನೋಡಿ ಎಲ್ಲಿ ಒಡೀತದ ಅಂತ ಹೇಳಾಂವ ನಾನು. ನಿನ್ನ ಮಾರಿ ತಿಳೀಲಾರದೇನು? ಹೇಳು. ಸುಳ್ಳು ಮಾತ್ರ ಹೇಳಬ್ಯಾಡ."

"ಎರಡು ಪಾಯಿಂಟ್ ಒಂಬತ್ತು ನಾಲ್ಕು ಒಂದು ಸೊನ್ನೆ."

"ಈಗ ಎಷ್ಟದ?"

"ಒಂಬತ್ತು ನಾಲ್ಕು ಮೂರು ಮೂರು."

"ಶೈಲುಂದು?"

ಹೇಳಿದೆ. ಅವರು ಕಲ್ಲಿಗೆ ಗುರುತು ಹಾಕುವ ಕೆಂಪು ಸೀಮೆಸುಣ್ಣ ತೆಗೆದುಕೊಂಡು ಅಂಗಳದ ಪರಸಿಗೋಡೆಯ ಮೇಲೆ ಎರಡು ಗೆರೆ ಎಳೆದರು, ತಮ್ಮದು ಮೇಲೆ, ಶೈಲುವಿನದು ಬಹಳ ಕೆಳಗೆ. ಎರಡರ ನಡುವಿನ ಜಾಗವನ್ನು ಗೇಣಿನಿಂದ ಅಳೆದು ತೃಪ್ತಿಯಿಂದ ತಲೆಯಾಡಿಸಿದರು.

"ಅಕೀಗಿ ಬೇಕಾದಷ್ಟು ಜಾಗ ಅದ ಬಿಡು. ನನಗ ಅಷ್ಟು ಜಾಗ ಇಲ್ಲ." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡರು. "ಸಣ್ಣವರಿದ್ದಾಗ ಉದ್ದ ಆಗ್ಲಿ ಅಂತ ನಮ್ಮವ್ವ ದಿನಾ ಹಾಲು ಕುಡಸ್ತಿದ್ಲು. ಆ ಮುದುಕಿ ಈಗಿದ್ರ ಬೈತಿದ್ದೆ ನೋಡು."

ನನಗೆ ನಗು ಬರಲಿಲ್ಲ. ಅವರು ಬಹಳ ನಕ್ಕರು. ಆ ನಗೆಗೆ ಅವರಿಗೆ ಹತ್ತು ನಿಮಿಷದ ದಮ್ಮು ಹತ್ತಿತು. ಅಂದಿನಿಂದ ಅವರು ನಗಿಸುವುದನ್ನು ಬಿಡಲಿಲ್ಲ, ನಗುವುದನ್ನು ಬಿಟ್ಟರು.

ಆ ವಾರವೇ ನಾನು ಅವರಿಗೆ ಇನ್ನೊಂದು ವಿಷಯವನ್ನೂ ಹೇಳಿದೆ. ಪ್ರತಿ ಸೋಮವಾರ ಸಂಖ್ಯೆ ಇಳಿದದ್ದು ಕಂಡಾಗ ನನ್ನ ಕೈ ತಾನಾಗಿಯೇ ತಿರುಪಿನ ಕಡೆ ಹೋಗುತ್ತದೆ. ಒಂದು ವರ್ಷದ ರೂಢಿ. ಅರ್ಧ ಸುತ್ತು ತಿರುಗಿಸಿದರೆ ಸಾಕು, ಸಂಖ್ಯೆ ಏರುತ್ತದೆ, ಎದೆ ಹಗುರವಾಗುತ್ತದೆ. ಉಪಾಧ್ಯೆಯವರ ಕೈಯೂ ಹೋಗಿದ್ದನ್ನು ನಾನು ನೋಡಿದ್ದೇನೆ.

"ನಾಳೆ ನಾ ಬರ್ತೀನಿ," ಎಂದರು.

ಜೀಪಿನಲ್ಲಿ ಒರಗಿಕೊಂಡು ಬಂದರು. ಕೈಯಲ್ಲಿ ಕಲ್ಲು ಕೊಯ್ಯುವ ಸಣ್ಣ ಮಷೀನು, ಅದಕ್ಕೆ ವಜ್ರದ ಹಲ್ಲಿನ ಚಕ್ರ. ಮೈಯೆಲ್ಲ ಬೆವೆತು ಕೊಠಡಿಯ ನೆಲದ ಮೇಲೆ ಕುಳಿತು, ಕೆಂಪು ಗುರುತಿನ ಮೇಲೆಯೇ ತಿರುಪಿನ ತಲೆಯನ್ನು ಗೋಡೆಯ ಸಮಕ್ಕೆ ಕೊಯ್ದು ಹಾಕಿದರು. ಉಪಾಧ್ಯೆಯವರು ಬೇಡವೆನ್ನಲಿಲ್ಲ. ಅವರು ನೀರಿನ ಬಾಟಲಿ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ತಗೋ," ಎಂದು ಬಿಸಿ ಆರದ ಉಕ್ಕಿನ ತುಂಡನ್ನು ನನ್ನ ಅಂಗೈಗೆ ಹಾಕಿದರು. "ಇನ್ ತಿರುವ್ಲಾಕ ಏನೂ ಇಲ್ಲ. ಇದ್ದದ್ದು ಇದ್ದಂಗ ಓದಬೇಕು."

*

ನವೆಂಬರಿನಲ್ಲಿ ಇಳಿತ ನಿಧಾನವಾಯಿತು. ಪ್ರತಿ ವಾರದ ಇಳಿತ ಹಿಂದಿನ ವಾರದ ಐದರಲ್ಲಿ ನಾಲ್ಕು ಪಾಲಿನಷ್ಟು. ನಾನು ಈ ಸರಣಿಯನ್ನು ಕೊನೆಯತನಕ ಕೂಡಿಸಿ ನೋಡಿದೆ. ಎಲ್ಲಿ ನಿಲ್ಲಬಹುದು? ಒಮ್ಮೆ ಕೂಡಿಸಿದರೆ ಭೀಮಾಶಂಕರರ ಗೆರೆಗಿಂತ ಕೂದಲೆಳೆಯಷ್ಟು ಮೇಲೆ ಬರುತ್ತಿತ್ತು. ಇನ್ನೊಮ್ಮೆ ಕೂಡಿಸಿದರೆ ಕೂದಲೆಳೆಯಷ್ಟು ಕೆಳಗೆ. ನಾಲ್ಕನೆಯ ದಶಮಾಂಶದ ಆಚೆಗೆ ನಮ್ಮ ಉಪಕರಣಕ್ಕೆ ಕಣ್ಣಿಲ್ಲ. ಒಬ್ಬ ಮನುಷ್ಯನ ಉಸಿರು ಆ ಕುರುಡು ಜಾಗದಲ್ಲಿ ಸಿಕ್ಕಿಕೊಂಡಿತ್ತು.

ಮಗಳ ಬಗ್ಗೆ ಭಯ ಹೋಯಿತು. ಇಳಿತ ಅವಳ ಗೆರೆಯವರೆಗೆ ಬರುವುದು ಸಾಧ್ಯವಿರಲಿಲ್ಲ. ನನ್ನ ಗೆರೆಯವರೆಗೂ ಬರಲಾರದು. ಇದು ನನಗೆ ಸಮಾಧಾನ ಕೊಡಬೇಕಿತ್ತು.

ಡಿಸೆಂಬರಿನಲ್ಲಿ ಉಪಾಧ್ಯೆಯವರು ತೀರಿಕೊಂಡರು. ಅವರು ಅಷ್ಟು ಎತ್ತರವಿರಲಿಲ್ಲ, ಆದರೆ ಹೃದಯ ಮೊದಲೇ ದುರ್ಬಲವಿತ್ತು. ಅವರ ಮೇಜಿನ ಮೇಲೆ ವರದಿಯ ಹೊಸ ನಮೂನೆ ಇತ್ತು. ಕೈಬರಹದಲ್ಲಿ ಒಂದು ಕಾಲಮ್ ಸೇರಿಸಿದ್ದರು: ತಿದ್ದುವ ಮೊದಲು ಕಂಡ ಸಂಖ್ಯೆ.

ಶೈಲುವಿನ ಶಾಲೆಯಲ್ಲಿ ಪಾಠ ಬದಲಾಗಿತ್ತು. ಚೌಕ ಇಮ್ಮಡಿಯಾದರೆ ನಾಲ್ಕು. ಘನ ಇಮ್ಮಡಿಯಾದರೆ ಅಳೆದು ನೋಡಿ ಬರೆಯಿರಿ. ಪ್ರತಿ ಸೋಮವಾರ ಶಾಲೆಗೆ ಹೋಗುವ ಮುಂಚೆ ಅವಳು ಗೋಡೆಯ ಮೇಲೆ ಕಳೆದ ವಾರದ ಸಂಖ್ಯೆಗೆ ಒಂದು ಸಣ್ಣ ಗೆರೆ ಎಳೆಯುತ್ತಿದ್ದಳು. ಗೆರೆಗಳು ಅಪ್ಪನ ಕೆಂಪು ಗೆರೆಯ ಹತ್ತಿರ ಬಂದಂತೆ ಒತ್ತಾದವು. ಕೊನೆಕೊನೆಗೆ ಒಂದರ ಮೇಲೊಂದು ಬಂದು ಯಾವುದು ಯಾವ ವಾರದ್ದೆಂದು ತಿಳಿಯುತ್ತಿರಲಿಲ್ಲ.

"ಅಪ್ಪಾ, ನಾಳಿಗಿ ಗೆರಿ ಎಳೀಲಾಕ ಜಾಗಾನೇ ಇಲ್ಲ," ಎಂದಳು ಒಂದು ಭಾನುವಾರ.

"ಸೀಮೆಸುಣ್ಣ ಸಣ್ಣಗ ಮಾಡ್ಕೋ," ಎಂದರು ಅವರು. ಈಗ ಅವರು ಮಲಗುತ್ತಿರಲಿಲ್ಲ. ಗೋಡೆಗೆ ಒರಗಿ ಕುಳಿತೇ ಇರುತ್ತಿದ್ದರು. ಮೂರು ಶಬ್ದಕ್ಕೊಮ್ಮೆ ಉಸಿರು ಬೇಕಿತ್ತು. ನಾನು ಒಂದು ಸಲ ಉಸಿರಾಡುವಷ್ಟರಲ್ಲಿ ಅವರು ನಾಲ್ಕು ಸಲ ಉಸಿರಾಡುತ್ತಿದ್ದರು. ಪಕ್ಕದಲ್ಲಿ ಕುಳಿತಾಗಲೆಲ್ಲ ಬೇಡವೆಂದರೂ ಎಣಿಸುತ್ತಿದ್ದೆ.

ಡಿಸೆಂಬರ್ 30ರಂದು 2.9413. ಜನವರಿ 6ರಂದು 2.9411. ಅವರ ಗೆರೆ 2.9410.

*

2042ರ ಜನವರಿ 13, ಸೋಮವಾರ. ನಾನು ಮನೆ ಬಿಟ್ಟಾಗ ಅವರು ಅಂಗಳದ ಬಿಸಿಲಿನಲ್ಲಿ ಕುಳಿತಿದ್ದರು, ಪಕ್ಕದಲ್ಲಿ ಎರಡು ಸಣ್ಣ ಸಿಲಿಂಡರ್. ಶೈಲುವನ್ನು ಶಾಲೆಗೆ ಕಳಿಸಬೇಡವೆಂದೆ. ಕಳಿಸು ಎಂದು ಕೈಸನ್ನೆ ಮಾಡಿದರು. ಅವಳು ಅವರ ಕೆನ್ನೆಗೆ ಮುತ್ತು ಕೊಟ್ಟು ಹೋದಳು. ಫೋನನ್ನು ಅವರು ತೊಡೆಯ ಮೇಲೆ ತೆರೆದಿಟ್ಟುಕೊಂಡರು. ಆಸ್ಪತ್ರೆಯ ನರ್ಸು ಒಳಗೆ ಗಂಜಿ ಕಾಯಿಸುತ್ತಿದ್ದಳು.

ಒಂಬತ್ತೂವರೆಗೆ ನೀರು ಹರಿಸಿದೆ. ಸಣ್ಣ ಪಾತ್ರೆ ತುಂಬಿ ಬರಿದಾಗುವ ಸದ್ದು. ಒಂದು. ಎರಡು. ಹಿಂದೆ ನಾನು ಈ ಹೊತ್ತಿನಲ್ಲಿ ಚಹಾ ಕುಡಿಯುತ್ತಿದ್ದೆ. ಮೂರು. ನಾಲ್ಕು. ಫೋನಿನಲ್ಲಿ ಅವರ ಉಸಿರು ಕೇಳುತ್ತಿತ್ತು, ತೆಳ್ಳಗೆ, ಗರಗಸದ ಹಾಗೆ. ಐದು. ಆರು. ಏಳು. ಎಂಟನೆಯದು ಅರ್ಧ ದಾಟಿ ಒಂದಿಷ್ಟು ಹೋಗಿ ನಿಂತಿತು.

ಪರದೆಯ ಮೇಲೆ ಸಂಖ್ಯೆ ಬಂತು.

ನನ್ನ ಕೈ ತಾನಾಗಿಯೇ ಪಾತ್ರೆಯ ಪಕ್ಕಕ್ಕೆ ಹೋಯಿತು. ಬೆರಳುಗಳು ತಿರುಪಿನ ತಲೆಯನ್ನು ಹುಡುಕಿದವು. ಅಲ್ಲಿ ನಯವಾದ ಉಕ್ಕಿನ ಗೋಡೆ ಮಾತ್ರ ಇತ್ತು, ನಡುವೆ ನಾಣ್ಯದಷ್ಟು ಅಗಲದ ಕೊಯ್ದ ಗುರುತು. ತಣ್ಣಗಿತ್ತು.

"ನೀಲಾ." ಉಸಿರು. "ಬಂತಾ?"

"ಬಂತು."

"ನಿಂತದ?"

ಮತ್ತೊಮ್ಮೆ ಅಳೆಯುತ್ತೇನೆ, ತುಸು ತಡೆಯಿರಿ ಎನ್ನಬಹುದಿತ್ತು. ಮತ್ತೊಮ್ಮೆ ಅಳೆದೆ. ಅವರು ಎಂಟು ಪಾತ್ರೆಯಷ್ಟು ಹೊತ್ತೂ ಕಾದರು. ಅದೇ ಸಂಖ್ಯೆ ಬಂತು. ಉಪಾಧ್ಯೆಯವರ ಹೊಸ ನಮೂನೆಯನ್ನು ಎಳೆದುಕೊಂಡು, ಅವರು ಕೈಯಲ್ಲಿ ಬರೆದಿದ್ದ ಕಾಲಮ್ಮಿನಲ್ಲಿ ಅದನ್ನು ಬರೆದು ಸಹಿ ಹಾಕಿದೆ. ಆಮೇಲೆ ಫೋನನ್ನು ಬಾಯಿಯ ಹತ್ತಿರ ಹಿಡಿದು, ಇದ್ದದ್ದನ್ನು ಇದ್ದ ಹಾಗೆ ಓದಿದೆ.

2.9409.